ಪಿಚರ್‌ನ ಮೊಣಕೈ ಮತ್ತು ನನ್ನ ಬಾಯಿ

ಮೈಸೂರಿನಲ್ಲಿ ಓದುತ್ತಿದ್ದಾಗ ನಾನು ವಿಶ್ವವಿದ್ಯಾಲಯದ ಮಹಿಳಾ ಕ್ರಿಕೆಟ್ ತಂಡದಲ್ಲಿ ಬೌಲರ್ ಆಗಿದ್ದೆ. ಎಡಗೈ, ಮಧ್ಯಮ ವೇಗ. ಕೊನೆಯ ವರ್ಷ ಮೊಣಕೈಯೇ ಕೈಕೊಟ್ಟಿತು. ಅದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಚೆಂಡು ಬಿಡುವಾಗ ತೋಳು ತಾನೇ ತಾನಾಗಿ ಸ್ವಲ್ಪ ಕೆಳಗಿಳಿಯಿತು. ಆಮೇಲೆ ಕಿರುಬೆರಳು ಜೋಮು ಹಿಡಿಯತೊಡಗಿತು. ಯಾರಿಗೂ ಕಾಣದಂತೆ ಬೆರಳು ಕೊಡವಿಕೊಂಡು ಮತ್ತೆ ಓಡಿಬರುತ್ತಿದ್ದೆ. ನೋವನ್ನು ಬಚ್ಚಿಡುವ ಬೌಲರ್ ಏನೇನು ಮಾಡುತ್ತಾಳೆ ಎನ್ನುವುದು ನನಗೆ ಮೈಗೆ ಹತ್ತಿದ ವಿದ್ಯೆ.

ಮದುವೆಯಾಗಿ ಹ್ಯೂಸ್ಟನ್‌ಗೆ ಬಂದ ಮೇಲೆ ಕ್ರಿಕೆಟ್ ಕೈತಪ್ಪಿತು. ಆಫೀಸಿಗೆ ಡ್ರೈವ್ ಮಾಡುವಾಗ ಕ್ರೀಡಾ ರೇಡಿಯೊ ಹಾಕಿಕೊಳ್ಳುವ ಅಭ್ಯಾಸವಾಯಿತು. ಒಂದೆರಡು ವರ್ಷ ಬರಿಯ ಕಿವಿಯಾಗಿದ್ದೆ. ಆಮೇಲೆ ಬಾಯಿ ಬಂತು. ಸಂಜೆಯ ಕಾರ್ಯಕ್ರಮಕ್ಕೆ ಕೇಳುಗರು ಫೋನ್ ಮಾಡಬಹುದಿತ್ತು. ಅಮೆರಿಕನ್ ಫುಟ್‌ಬಾಲ್ ತಂಡದವರು, ಚೆಂಡು ಎಸೆದು ಆಟ ನಡೆಸುವ ಎಳೆಯ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಕಾವಲಿಗೆ ಗಟ್ಟಿ ಆಳುಗಳನ್ನು ಇಡದೆ ಅವನನ್ನು ಹೊಡೆತಕ್ಕೆ ಒಡ್ಡುತ್ತಿದ್ದಾರೆ ಎಂದು ಮೊದಲ ಸಲ ಫೋನ್ ಮಾಡಿ ಜಗಳವಾಡಿದೆ. ನಿರೂಪಕ ನಕ್ಕು, ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳಿದ. ಆಗ ನಾನು ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದ್ದೆ. ಅದನ್ನೇ ಹೇಳಿದೆ. ಅಂದಿನಿಂದ ನಾನು ಆ ಕಾರ್ಯಕ್ರಮಕ್ಕೆ 'ಹಿಲ್‌ಕ್ರಾಫ್ಟ್ ಆಂಟಿ' ಆದೆ. ಪಂದ್ಯದ ಅರ್ಧ ದಾರಿಯಲ್ಲೇ ದಣಿದ ಪಿಚರ್‌ನನ್ನು ಇಳಿಸದ ಮ್ಯಾನೇಜರ್‌ನ ಮೊಂಡುತನ, ಮೀಸೆ ಮೂಡದ ಹುಡುಗರನ್ನು ಬೇರೆ ಊರಿನ ತಂಡಕ್ಕೆ ಕೊಟ್ಟು ಮಂಡಿ ಸವೆದ ಹೊಡೆತಗಾರನನ್ನು ತರುವ ಬುದ್ಧಿ, ಎಲ್ಲದರ ಬಗ್ಗೆಯೂ ನನಗೊಂದು ಅಭಿಪ್ರಾಯವಿತ್ತು.

ಪಿಚರ್ ಎಂದರೆ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು. ಅವನ ಬಗ್ಗೆ ಮಾತ್ರ ನನ್ನದು ಅಭಿಪ್ರಾಯವಲ್ಲ, ಅನುಭವ ಎಂದುಕೊಂಡಿದ್ದೆ.

ನನ್ನ ಗಂಡ ಹುಬ್ಬಳ್ಳಿಯವರು. ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗಳನ್ನು ಓದುವ ವೈದ್ಯರು. ಊರಿನ ತಂಡಗಳ ಆಟಗಾರರು ಆ ಆಸ್ಪತ್ರೆಗೆ ಬರುತ್ತಾರೆ ಎನ್ನುವುದು ಗುಟ್ಟೇನಲ್ಲ. ಆದರೆ ಯಾರು ಬಂದರು, ಏನು ಕಂಡಿತು ಎನ್ನುವುದರಲ್ಲಿ ಒಂದಕ್ಷರವೂ ನಮ್ಮ ಮನೆಯ ಹೊಸಿಲು ದಾಟಿದ್ದಿಲ್ಲ. ಹೊಸದರಲ್ಲಿ ನಾನು ತಮಾಷೆಗೆ ಕೆದಕಿದ್ದುಂಟು. "ಒಳಗಿನ ಮಾತು ಒಳಗ ಇರಬೇಕು. ನನ್ನ ಕೇಳಬ್ಯಾಡ," ಎಂದಿದ್ದರು. ಅಷ್ಟಕ್ಕೇ ಮುಗಿಯಿತು. ಅವರಿಗೆ ಆಟದಲ್ಲಿ ಆಸಕ್ತಿಯಿಲ್ಲ ಎಂದೇ ನಾನು ನಂಬಿದ್ದೆ. ನಾನು ಟಿವಿಯ ಮುಂದೆ ಕೂತು ಬೈಯುತ್ತಿದ್ದರೆ ಅವರು ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದರು, ಇಲ್ಲವಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ನಮ್ಮ ತಂಡದ ಮುಖ್ಯ ಪಿಚರ್ ಆಡುತ್ತಿದ್ದ. ಇಡೀ ಊರು ಅವನ ಮೇಲೆ ಆಸೆಯಿಟ್ಟಿದ್ದ ವರ್ಷ. ಎರಡನೆಯ ಸರದಿಯಲ್ಲಿ ಅವನ ತೋಳು ಕೆಳಗಿಳಿದದ್ದನ್ನು ಕಂಡೆ. ತೀರಾ ಸ್ವಲ್ಪ. ತಿರುಗುವ ಚೆಂಡನ್ನು ಅವನು ಎಸೆಯುವುದೇ ಬಿಟ್ಟಿದ್ದ. ಮೂರನೆಯ ಸರದಿಯಲ್ಲಿ ಕ್ಯಾಮೆರಾಗೆ ಬೆನ್ನು ತಿರುಗಿಸಿ ನಿಂತು, ಎಸೆಯುವ ಕೈಯ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುವವನಂತೆ ಕೊಡವಿದ.

"ಇವನ ಮೊಣಕೈ ಹೋಗಿದೆ ಕಣ್ರೀ," ಎಂದೆ.

ಗಂಡ ಪುಸ್ತಕ ಮಡಚಿಟ್ಟು ಎದ್ದರು. "ಕರಿಬೇವಿಗೆ ನೀರು ಹಾಕಿ ಬರ್ತೀನಿ," ಎಂದು ಹಿತ್ತಲಿಗೆ ಹೋದರು. ಪಂದ್ಯ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಮರುದಿನ ಸಂಜೆ ರೇಡಿಯೊಗೆ ಫೋನ್ ಮಾಡಿದೆ. ಸೋತದ್ದಕ್ಕೆ ಎಲ್ಲರೂ ಮ್ಯಾನೇಜರ್‌ನನ್ನು ಬೈಯುತ್ತಿದ್ದರು. ನನ್ನ ಸರದಿ ಬಂದಾಗ, "ಮ್ಯಾನೇಜರ್‌ನನ್ನು ಬಿಡಿ. ಆ ಪಿಚರ್‌ನ ಮೊಣಕೈ ಹರಿದಿದೆ. ಈ ವರ್ಷ ಅವನು ಇನ್ನು ಎಸೆಯುವುದಿಲ್ಲ," ಎಂದೆ.

ನಿರೂಪಕ ತಡೆದು ಕೇಳಿದ: "ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ, ಆಂಟಿ?"

"ನನಗೆ ಗೊತ್ತು," ಎಂದೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಹೊರಗಿನವರ ಕಿವಿಗೆ ಹೇಗೆ ಕೇಳಿಸಬಹುದು ಎಂದು ಯೋಚಿಸಿರಲಿಲ್ಲ.

ಆ ವಾರ ಮುಗಿಯುವುದರೊಳಗೆ ತಂಡದವರು ಸುದ್ದಿ ಕೊಟ್ಟರು. ಮೊಣಕೈಯ ತಂತು ಹರಿದಿದೆ, ಶಸ್ತ್ರಚಿಕಿತ್ಸೆ, ಮುಂದಿನ ವರ್ಷವೂ ಅನುಮಾನ. ರೇಡಿಯೊದವರು ನನ್ನ ಮಾತಿನ ತುಣುಕನ್ನು ಮತ್ತೆ ಮತ್ತೆ ಹಾಕಿದರು. ನನ್ನ ತಂಗಿ ಡಾಲಸ್‌ನ ಹತ್ತಿರ ಮೆಕಿನ್ನಿಯಲ್ಲಿದ್ದಾಳೆ, ಡಾಲಸ್ ತಂಡಗಳ ಕಟ್ಟಾ ಭಕ್ತೆ. ವರ್ಷವಿಡೀ ನನ್ನೊಡನೆ ಜಗಳವಾಡುವವಳು ಅಂದು ಮಾತ್ರ ಹೆಮ್ಮೆಯಿಂದ ಉಬ್ಬಿಹೋದಳು. ಆ ತುಣುಕನ್ನು ಟೆಕ್ಸಸ್ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಇದು ನಮ್ಮಕ್ಕ, ಭಾವ ಹ್ಯೂಸ್ಟನ್‌ನಲ್ಲಿ ದೊಡ್ಡ ಡಾಕ್ಟರ್ ಎಂದು ಬರೆದಳು. ಭಾವನ ವಿಷಯವನ್ನು ಅವಳು ಬರಿಯ ಅಭಿಮಾನದಿಂದ ಸೇರಿಸಿದ್ದಳು.

ಅದರ ಅರ್ಥ ನನಗೆ ತಿಳಿದದ್ದು ಶನಿವಾರ, ಭಾರತೀಯ ಅಂಗಡಿಗಳ ಪೇಟೆಯಾದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ದಿನಸಿ ಅಂಗಡಿಯಲ್ಲಿ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ. ಪರಿಚಯದ ಹೆಂಗಸೊಬ್ಬರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ರೇಡಿಯೊದಲ್ಲಿ ನಿಮ್ಮದು ಕೇಳಿದ್ವಿ. ಡಾಕ್ಟ್ರು ಹೇಳಿದ್ರಾ?"

"ಯಾವ ಡಾಕ್ಟ್ರು?"

"ಅಯ್ಯೋ, ನಿಮ್ಮ ಮನೆಯವರೇ. ನಾವ್ಯಾರಿಗೂ ಹೇಳಲ್ಲ ಬಿಡಿ," ಎಂದು ಕಣ್ಣು ಮಿಟುಕಿಸಿ ಮುಂದೆ ಹೋದರು.

ನನ್ನ ಕೈಯಲ್ಲಿದ್ದ ಬೆಂಡೆಕಾಯಿ ಹಾಗೆಯೇ ಉಳಿಯಿತು. ಅವರು ಹಾಗೆ ತಿಳಿದರೆ ಇನ್ನೆಷ್ಟು ಜನ ಹಾಗೆ ತಿಳಿದಿರಬಹುದು? ಆರಿಸಿಕೊಂಡದ್ದನ್ನೆಲ್ಲ ಅಲ್ಲೇ ಬಿಟ್ಟು ಹೊರಗೆ ಬಂದು ತಂಗಿಗೆ ಫೋನ್ ಮಾಡಿದೆ.

"ಆ ಮೆಸೇಜ್ ತೆಗೆದುಬಿಡು."

"ಯಾಕಕ್ಕ? ಎಲ್ಲ ಎಷ್ಟು ಖುಷಿಪಟ್ಟಿದ್ದಾರೆ ಗೊತ್ತಾ?"

"ಭಾವನ ಕೆಲಸಕ್ಕೆ ಕುತ್ತು ಬರುತ್ತೆ. ಮೊದಲು ತೆಗಿ."

ಅವಳಿಗೆ ಆಗ ಹೊಳೆಯಿತು. ಆಮೇಲೆ ಸಣ್ಣ ದನಿಯಲ್ಲಿ, "ತೆಗೆದ್ರೂ ಪ್ರಯೋಜನ ಇಲ್ಲ ಅಕ್ಕ, ಎಲ್ಲ ಕಡೆ ಫಾರ್ವರ್ಡ್ ಆಗಿದೆ," ಎಂದಳು.

ಸೋಮವಾರ ಗಂಡ ಮಧ್ಯಾಹ್ನವೇ ಮನೆಗೆ ಬಂದರು. ಆ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅವರು ಶೂ ಬಿಚ್ಚಿಟ್ಟು, ಬ್ಯಾಡ್ಜ್ ಇಲ್ಲದ ಕೊರಳನ್ನು ಒಮ್ಮೆ ಮುಟ್ಟಿಕೊಂಡು, ಊಟದ ಮೇಜಿನ ಹತ್ತಿರ ಕೂತರು.

"ವಿಚಾರಣೆ ಅದ. ಮುಗಿಯೋ ತನಕ ಬರಬ್ಯಾಡ ಅಂದಾರ."

"ನಾನು ಹೋಗಿ ಹೇಳ್ತೀನಿ, ನೀವು ಏನೂ ಹೇಳಿಲ್ಲ ಅಂತ."

"ಅವರು ಕರೆದ್ರ ಹೋಗು. ಕರೀದ ಹೋಗಬ್ಯಾಡ."

"ಆ ಪಿಚರ್‌ನ ಸ್ಕ್ಯಾನ್ ನೀವು ನೋಡಿದ್ರಾ?"

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಬಾಗಿಲು ಹಾಕಿಕೊಂಡ ಮನೆಯಂತಿತ್ತು ಆ ಮುಖ. "ಅದನ್ನ ಕೇಳಬ್ಯಾಡ," ಎಂದರು.

ಇಷ್ಟು ವರ್ಷ ಹಗುರವಾಗಿ ಕೇಳಿಸಿದ ಮಾತು ಅಂದು ನನ್ನ ಎದೆಯ ಮೇಲೆ ಕೂತಿತು. ನಮ್ಮಿಬ್ಬರ ನಡುವೆ ಇದ್ದ ಆ ಮುಚ್ಚಿದ ಕೋಣೆಗೆ ನಾನು ಒಗ್ಗಿಹೋಗಿದ್ದೆ. ಈಗ ಅದರೊಳಗೇ ಅವರ ಕೆಲಸ, ಹೆಸರು, ಎಲ್ಲ ಸಿಕ್ಕಿಕೊಂಡಿದ್ದವು. ಸ್ಕ್ಯಾನ್ ನೋಡಿರಲಿಲ್ಲ ಎಂದು ನನಗೆ ಹೇಳಿದರೂ ಅದು ರೋಗಿಯ ವಿಷಯ ಹೇಳಿದಂತೆಯೇ ಎನ್ನುವುದು ಅವರ ಲೆಕ್ಕ. ಹಾಗಾಗಿ ತನ್ನ ಹೆಂಡತಿಯ ಮುಂದೆ ಕೂಡ ತಾನು ತಪ್ಪಿತಸ್ಥನಲ್ಲ ಎಂದು ಹೇಳಿಕೊಳ್ಳಲಾರದೆ ಆ ಮನುಷ್ಯ ಅನ್ನ ಸಾರು ಕಲಸಿಕೊಂಡು ಉಣ್ಣುತ್ತಿದ್ದರು.

ಅಂದಿನಿಂದ ನನ್ನ ತಲೆಯೊಳಗೆ ಒಂದು ಹುಳು ಹೊಕ್ಕಿತು. ಅವರು ಭಾನುವಾರ ಎದ್ದು ಹೋದದ್ದೇಕೆ? ಮೊಣಕೈ ಎಂದ ಕೂಡಲೇ ಎದ್ದರಲ್ಲ. ಆಟ ನೋಡುವ ಮೊದಲೇ, ಬೆಳಗಿನ ತಿಂಡಿಗೆ ಕೂತಾಗಲೇ, ಅವರ ಮುಖದಲ್ಲಿ ನಾನೇನಾದರೂ ಓದಿದ್ದೆನೇ? ಕಣ್ಣಾರೆ ಕಂಡೆ ಎಂದು ನಾನು ಆಣೆಯಿಡುವ ಆ ಬೆರಳು ಕೊಡವಿದ್ದು, ಅವರ ಮೌನ ನನಗೆ ಮೊದಲೇ ತೋರಿಸಿಕೊಟ್ಟದ್ದೇ? ಪಂದ್ಯದ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ತೋಳು ಇಳಿದಿತ್ತು, ಬೆರಳು ಕೊಡವಿದ್ದ, ಎಲ್ಲ ಇತ್ತು. ಆದರೆ ಅದೆಲ್ಲ ಗೊತ್ತಾದ ಮೇಲೆ ನೋಡುವ ಕಣ್ಣನ್ನು ಹೇಗೆ ನಂಬುವುದು?

ಅದೇ ವಾರಾಂತ್ಯ ಆಸ್ಟಿನ್‌ಗೆ ಹೋಗುವುದೆಂದು ಮೊದಲೇ ಮಗಳಿಗೆ ಹೇಳಿದ್ದೆವು. ಅವಳು ಅಲ್ಲಿ ಓದುತ್ತಾಳೆ. ಹೋಗುವುದು ಬೇಡವೆಂದರೆ ಅವಳು ಗಾಬರಿಯಾಗುತ್ತಾಳೆ ಎಂದು ಹೊರಟೆವು. ದಾರಿಯುದ್ದಕ್ಕೂ ರೇಡಿಯೊ ಹಾಕಲಿಲ್ಲ. ಹೊಲಗಳು, ಪೆಟ್ರೋಲ್ ಬಂಕುಗಳು, ಮತ್ತೆ ಹೊಲಗಳು. ಬ್ಯಾಸ್ಟ್ರಾಪ್ ಹತ್ತಿರ ಪೈನ್ ಮರಗಳು ಶುರುವಾದಾಗ ಗಂಡ, "ಎಸಿ ಕಮ್ಮಿ ಮಾಡ್ಲಾ?" ಎಂದು ಕೇಳಿದರು. ಮೂರು ಗಂಟೆಯ ದಾರಿಯಲ್ಲಿ ಅವರು ಆಡಿದ್ದು ಅದೊಂದೇ ಮಾತು.

ಮಗಳು ನಮ್ಮನ್ನು ನದಿಯ ದಂಡೆಯ ಒಂದು ತಿಂಡಿ ಗಾಡಿಗೆ ಕರೆದೊಯ್ದಳು. ಮರದ ನೆರಳಲ್ಲಿ ಬೆಂಚು. ಟಾಕೊ ಬರುವ ಮೊದಲೇ ಅವಳು ಅಪ್ಪನನ್ನು ನೇರವಾಗಿ ಕೇಳಿಬಿಟ್ಟಳು. ಅವಳ ಗೆಳೆಯರೆಲ್ಲ ಆ ತುಣುಕು ಕೇಳಿದ್ದರು.

"ಡ್ಯಾಡ್, ಡಿಡ್ ಯೂ ಟೆಲ್ ಹರ್?"

"ಇಲ್ಲ," ಎಂದರು.

"ದೆನ್ ಡಿಡ್ ಯೂ ನೋ?"

ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು, ಮತ್ತೆ ಹಾಕಿದರು. "ಮೊದಲಿನ ಪ್ರಶ್ನೆ ನನ್ನ ಬಗ್ಗೆ. ಅದಕ್ಕ ಉತ್ತರ ಕೊಟ್ಟೆ. ಇದು ಇನ್ನೊಬ್ಬನ ಬಗ್ಗೆ ಅದ, ಪುಟ್ಟಿ."

ಮಗಳು ನನ್ನ ಕಡೆ ತಿರುಗಿದಳು. ನಾನು ಸಹಾಯ ಮಾಡಲಿಲ್ಲ. ಅವಳು ಇಂಗ್ಲಿಷಿನಲ್ಲಿ, ಇದು ಹುಚ್ಚುತನ, ಇಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು, ಯಾರನ್ನು ಕಾಪಾಡುತ್ತಿದ್ದೀರಿ, ಅವನಿಗೆ ನಿಮ್ಮ ಹೆಸರೂ ಗೊತ್ತಿಲ್ಲ ಎಂದಳು. ಅವಳ ಕಣ್ಣು ತುಂಬಿತ್ತು. ಗಂಡ ಅವಳ ಕೈ ಹಿಡಿದುಕೊಂಡರು. ಅವಳ ಮುಂದೆ ಬಂದ ಟಾಕೊ ತಣ್ಣಗಾಯಿತು.

ನನ್ನನ್ನು ಕರೆದದ್ದು ಮುಂದಿನ ವಾರ. ಆಸ್ಪತ್ರೆಯ ವಿಚಾರಣೆಯ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಬಿಳಿಗೂದಲು, ಮೃದು ಮಾತು. ಬರಲೇಬೇಕೆಂದಿಲ್ಲ, ಬಂದದ್ದಕ್ಕೆ ವಂದನೆ ಎಂದು ಇಂಗ್ಲಿಷಿನಲ್ಲಿ ಹೇಳಿ ನೀರು ಕೊಟ್ಟರು. ರೇಡಿಯೊದಲ್ಲಿ ಹೇಳಿದ್ದು ನನಗೆ ಹೇಗೆ ತಿಳಿಯಿತು ಎಂದು ಕೇಳಿದರು.

ನನ್ನ ಕ್ರಿಕೆಟ್ಟಿನ ಕತೆ ಹೇಳಿದೆ. ಎದ್ದು ನಿಂತು, ನೋವಿಲ್ಲದ ತೋಳು ಎಲ್ಲಿಂದ ಚೆಂಡು ಬಿಡುತ್ತದೆ, ನೋವಿರುವ ತೋಳು ಎಲ್ಲಿಂದ ಬಿಡುತ್ತದೆ ಎಂದು ತೋರಿಸಿದೆ. ನನ್ನ ಎಡಗೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅದನ್ನೂ ತೋರಿಸಿದೆ. ಅವರು ಅಡ್ಡಮಾತಿಲ್ಲದೆ ಕೇಳಿದರು.

ಆಮೇಲೆ ಪೆನ್ನು ಕೆಳಗಿಟ್ಟು, "ನಿಮ್ಮ ಯಜಮಾನರು ಮಾತಿನಲ್ಲಿ ಏನೂ ಹೇಳಲಿಲ್ಲ. ಸರಿ. ಬೇರೆ ರೀತಿಯಲ್ಲಿ? ಆ ದಿನ ಅವರ ನಡತೆಯಲ್ಲಿ ವ್ಯತ್ಯಾಸವೇನಾದರೂ ಕಂಡಿತೇ?" ಎಂದರು.

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಇಲ್ಲ ಎಂದರೆ ಮುಗಿಯುತ್ತಿತ್ತು. ಹಿತ್ತಲಿಗೆ ಹೋದದ್ದನ್ನು ಕಂಡವರು ಯಾರೂ ಇರಲಿಲ್ಲ. ನೀರು ಕುಡಿದೆ. ಮಗಳ ಎದುರು ಒಂದು ಪದ ಹೇಳಿ ಪಾರಾಗಬಹುದಾಗಿದ್ದರೂ ಹೇಳದೆ ಕೂತ ಮನುಷ್ಯನಿಗಾಗಿ ನಾನು ಸುಳ್ಳು ಹೇಳಿದರೆ, ಅವರು ಅಷ್ಟು ಕಷ್ಟಪಟ್ಟು ಕಾದದ್ದನ್ನು ನಾನೇ ಕೊಳಕು ಮಾಡಿದಂತಾಗುತ್ತಿತ್ತು.

"ಮೊಣಕೈ ಹೋಗಿದೆ ಎಂದು ನಾನು ಅಂದ ಮೇಲೆ ಅವರು ಎದ್ದು ಗಿಡಕ್ಕೆ ನೀರು ಹಾಕಲು ಹೋದರು," ಎಂದೆ.

"ಅಂದ ಮೇಲೆ. ಮೊದಲಲ್ಲ."

"ಅಂದ ಮೇಲೆ. ಆದರೆ ನಾನು ಯಾವ ಆಟಗಾರನ ಗಾಯದ ಮಾತೆತ್ತಿದರೂ ಅವರು ಎದ್ದು ಹೋಗುತ್ತಾರೆ. ಡಾಲಸ್‌ನವನಾದರೂ ಸರಿ, ನ್ಯೂಯಾರ್ಕ್‌ನವನಾದರೂ ಸರಿ."

ಹೇಳುತ್ತಿರುವಾಗಲೇ ನನಗೆ ಅದು ತಿಳಿದದ್ದು. ಹೌದು, ಪ್ರತಿ ಸಲವೂ. ಆಸಕ್ತಿಯಿಲ್ಲದೆ ಎದ್ದು ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ಗೊತ್ತಿದ್ದಾಗ ಮಾತ್ರ ಎದ್ದರೆ ಎದ್ದದ್ದೇ ಸುದ್ದಿಯಾಗುತ್ತದೆ ಎಂದುಕೊಂಡು, ಗೊತ್ತಿಲ್ಲದಾಗಲೂ ಅವರು ಎದ್ದು ಹೋಗುತ್ತಿದ್ದರು. ಎಷ್ಟು ವರ್ಷದಿಂದ, ಎಷ್ಟು ಪಂದ್ಯಗಳಲ್ಲಿ.

ಅಧಿಕಾರಿ ಪೆನ್ನು ಎತ್ತಿಕೊಂಡು ಒಂದು ಸಾಲು ಬರೆದರು. "ಅದನ್ನು ನೀವು ಹೇಳಬೇಕಾಗಿರಲಿಲ್ಲ," ಎಂದರು.

"ನೀವು ಕೇಳಿದಿರಿ," ಎಂದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಹಿತ್ತಲಿಗೆ ಹೋದದ್ದನ್ನು ಹೇಳಿಬಿಟ್ಟೆ ಎಂದಾಗ ಅವರ ಕೈಯಲ್ಲಿದ್ದ ಚಹಾದ ಲೋಟ ಅರ್ಧದಲ್ಲೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಅದರಿಂದ ಅವರಿಗೆ ಕೇಡಾಗಬಹುದಿತ್ತು, ಅದು ಅವರಿಗೂ ಗೊತ್ತಿತ್ತು.

"ಛಲೋ ಮಾಡಿದಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನ ಅವರಿಗೆ ಬಿಟ್ಟದ್ದು," ಎಂದರು.

ಬಿಟ್ಟದ್ದು ಎಂದರೂ ಬಿಡಲಾಗಲಿಲ್ಲ. ಫೋನ್ ಸದ್ದಾದರೆ ಇಬ್ಬರೂ ಬೆಚ್ಚಿ ನೋಡುತ್ತಿದ್ದೆವು. ಅವರು ಗರಾಜು ಗುಡಿಸಿದರು, ಬೇಲಿಗೆ ಬಣ್ಣ ಬಳಿದರು. ಕೆಲಸವಷ್ಟೇ ಅಲ್ಲ, ವೈದ್ಯರ ಲೈಸೆನ್ಸೇ ಹೋಗಬಹುದು ಎಂದು ನಾನು ಎಲ್ಲೋ ಓದಿದ್ದೆ, ಯಾರಿಗೂ ಹೇಳಲಿಲ್ಲ. ತಂಗಿ ದಿನವೂ ಫೋನ್ ಮಾಡಿ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವುದೇ ನನ್ನ ಕೆಲಸವಾಯಿತು. ರೇಡಿಯೊ ನಿರೂಪಕ ಒಂದು ಸಂಜೆ, ಹಿಲ್‌ಕ್ರಾಫ್ಟ್ ಆಂಟಿ ಎಲ್ಲಿ ಹೋದರು ಎಂದು ಕೇಳಿದನಂತೆ. ನಾನು ಕೇಳಿಸಿಕೊಂಡಿರಲಿಲ್ಲ, ಆಫೀಸಿನವರು ಹೇಳಿದರು.

ಈ ನಡುವೆ ಶಸ್ತ್ರಚಿಕಿತ್ಸೆ ಮುಗಿಸಿದ ಪಿಚರ್ ಪಟ್ಟಿ ಕಟ್ಟಿದ ಕೈಯಲ್ಲೇ ಪತ್ರಕರ್ತರ ಮುಂದೆ ಕೂತ. ವಸಂತದಿಂದಲೇ ಬೆರಳು ಜೋಮು ಹಿಡಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ, ತಂಡಕ್ಕೆ ಭಾರವಾಗುತ್ತೇನೆಂದು ಹೆದರಿದ್ದೆ ಎಂದ. ಅವನ ಕಿರಿಯ ಮುಖ ನೋಡಿ ನನಗೆ ಅಳು ಬಂತು. ನನಗೆ ಗೊತ್ತು ಎಂದು ಆಡಿದ ಆ ಮಾತಿನ ಆಚೆ ತುದಿಯಲ್ಲಿ ಇವನಿದ್ದ. ಗಂಡ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿದರು. ಆ ಸಲ ಹಿತ್ತಲಿಗೆ ಹೋಗಲಿಲ್ಲ. ಅವನೇ ಬಾಯಿಬಿಟ್ಟು ಹೇಳಿದ ಮೇಲೆ ಅದು ಎಲ್ಲರ ಮಾತು.

ಕೊನೆಗೆ ಆಸ್ಪತ್ರೆಯಿಂದ ಕರೆ ಬಂತು. ಏನೂ ತಪ್ಪು ಕಂಡುಬಂದಿಲ್ಲ, ಕೆಲಸಕ್ಕೆ ಬರಬಹುದು. ಅವರು ಫೋನ್ ಇಟ್ಟು ನನ್ನ ಹೆಗಲ ಮೇಲೆ ಹಣೆಯಿಟ್ಟು ನಿಂತರು. ನಾನು ಏನೂ ಕೇಳಲಿಲ್ಲ. ಆ ಸ್ಕ್ಯಾನ್ ಅವರು ನೋಡಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಂಡದ್ದು ಅವನ ತೋಳನ್ನೋ ಇವರ ಮುಖವನ್ನೋ ಎನ್ನುವುದೂ ಪೂರ್ತಿ ಬಗೆಹರಿದಿಲ್ಲ. ತೋಳನ್ನೇ ಎಂದು ನಂಬುತ್ತೇನೆ. ರೇಡಿಯೊಗೆ ಈಗಲೂ ಫೋನ್ ಮಾಡುತ್ತೇನೆ, ಮ್ಯಾನೇಜರ್‌ನನ್ನು ಬೈಯುತ್ತೇನೆ. ಗಾಯದ ಮಾತು ಬಂದರೆ, ಮುಂದಿನ ಕೇಳುಗರಿಗೆ ಕೊಡಿ ಎನ್ನುತ್ತೇನೆ.

ಚಳಿ ಶುರುವಾಗುವ ಹೊತ್ತಿಗೆ ತಂಗಿ ನಮ್ಮನ್ನು ಡಾಲಸ್‌ಗೆ ಕರೆಸಿಕೊಂಡಳು. ತನ್ನಿಂದಾದದ್ದಕ್ಕೆ ಪ್ರಾಯಶ್ಚಿತ್ತವೆಂದು ಅವರ ಫುಟ್‌ಬಾಲ್ ತಂಡದ ಪಂದ್ಯಕ್ಕೆ ಟಿಕೆಟ್ ಕೊಂಡಿದ್ದಳು. ಗಂಡ ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಪಕ್ಕದ ಊರು ಕ್ಯಾರಲ್ಟನ್‌ನಲ್ಲಿ ದೋಸೆ ತಿಂದು ಕ್ರೀಡಾಂಗಣಕ್ಕೆ ಹೋದೆವು. ನನ್ನ ಮತ್ತು ತಂಗಿಯ ನಡುವೆ ಗಂಡ ಕೂತರು. ಪಂದ್ಯದ ಎರಡನೆಯ ಕಾಲುಭಾಗದಲ್ಲಿ ಡಾಲಸ್‌ನ ಓಟಗಾರನೊಬ್ಬ, ಯಾರೂ ಮುಟ್ಟದೆಯೇ, ಬಿದ್ದ. ಇಡೀ ಕ್ರೀಡಾಂಗಣದ ಸದ್ದಡಗಿತು. ತಂಗಿ ಅಭ್ಯಾಸಬಲದಿಂದ, "ಅಕ್ಕ, ಮಂಡಿನಾ?" ಎಂದು ಕೇಳಿ, ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ತುಟಿ ಬಿಗಿದು ಮೈದಾನ ನೋಡಿದೆ. ಗಂಡ ಏಳುತ್ತಾರೆ ಎಂದು ಕಾಲು ಹಿಂದಕ್ಕೆಳೆದು ದಾರಿ ಮಾಡಿಕೊಟ್ಟೆ.

ಅವರು ಏಳಲಿಲ್ಲ. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಮಂಡಿ ಅಲ್ಲ," ಎಂದರು. "ಹಿಮ್ಮಡಿ ಮ್ಯಾಲಿನ ನರ. ಯಾರೋ ಹಿಂದಿನಿಂದ ಒದ್ದಂಗ ತಿರುಗಿ ನೋಡಿದ ನೋಡು."

ನಾನೂ ತಂಗಿಯೂ ಅವರನ್ನೇ ನೋಡಿದೆವು.

"ಏನ್ ನೋಡ್ತೀರಿ? ಇಂವ ಈಗ ಎಲ್ಲಾರ ಕಣ್ಣ ಮುಂದ ಬಿದ್ದಾನ, ಈ ಊರಾಗ ನನಗ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮಾತಾಡಬಹುದು," ಎಂದರು.

ಆಮೇಲೆ ಪಂದ್ಯ ಮುಗಿಯುವವರೆಗೂ ಅವರ ಬಾಯಿ ನಿಲ್ಲಲಿಲ್ಲ. ಕೋಚ್ ಯಾಕೆ ಮೂರ್ಖ, ಕ್ವಾರ್ಟರ್‌ಬ್ಯಾಕ್ ಯಾಕೆ ಎಡಕ್ಕೆ ನೋಡುವುದೇ ಇಲ್ಲ, ಹತ್ತು ವರ್ಷದಿಂದ ಈ ತಂಡ ಯಾವ ಯಾವ ಆಟಗಾರರನ್ನು ಕೈಬಿಟ್ಟು ಕೆಟ್ಟಿತು, ಎಲ್ಲ ಹೇಳಿದರು. ಇಷ್ಟು ವರ್ಷ ಪುಸ್ತಕ ಹಿಡಿದು ನನ್ನ ಪಕ್ಕ ಕೂತು ಅಷ್ಟನ್ನೂ ನೋಡಿದ್ದರು. ತಂಗಿ ಅವರೊಡನೆ ಜಗಳಕ್ಕಿಳಿದಳು. ನನಗೆ ಒಂದು ಮಾತು ಸೇರಿಸಲೂ ಎಡೆ ಸಿಗಲಿಲ್ಲ.